ಗುಮ್ಮಕ್ಕನ ಪ್ಲೈವುಡ್ ಗಿಟಾರು

ಗುಮ್ಮಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಶನಿವಾರ ಸಂಜೆ ಮಿಲ್ಲಿನವರ ಕ್ಲಬ್ಬಿನಲ್ಲಿ ತಮ್ಮನ ಬ್ಯಾಂಡಿನ ಹಿಂದೆ ನಿಂತು ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರನ್ನು ಗುಂ ಗುಂ ಎಂದು ಮೀಟುತ್ತಿದ್ದುದರಿಂದ ಬೀದಿಯವರು ಗುಮ್ಮಕ್ಕ ಅಂದರು. ಊಟ ಮಾಡದೆ ಹಟ ಹಿಡಿಯುವ ಮಕ್ಕಳನ್ನು ಹೆದರಿಸುವುದಕ್ಕೂ ಆ ಹೆಸರು ಒದಗಿ ಬಂತು. ಮುಖವೂ ಅದಕ್ಕೆ ತಕ್ಕಂತಿತ್ತು. ನಕ್ಕರೆ ಕೈಯಿಂದ ಏನೋ ಜಾರಿ ಹೋಗುತ್ತದೆ ಎನ್ನುವ ಮುಖ.

ಹಗಲು ಹೊತ್ತು ಅವಳು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದಳು. ಅಪ್ಪನಿಂದ ಬಂದ ಅಂಗಡಿ. ಮುಂದೊಂದು ಕೋಣೆ, ಹಿಂದೊಂದು ಕೋಣೆ. ಮುಂದಿನದರಲ್ಲಿ ಯಂತ್ರಗಳು ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಹಿಂದಿನದರಲ್ಲಿ ಪ್ರತಿ ಮಂಗಳವಾರ ಬ್ಯಾಂಡಿನವರ ಅಭ್ಯಾಸ. ತಮ್ಮನಿಗೆ ಕನ್ನಡಕದ ಅಂಗಡಿ. ಹಾಡುವವನೂ ಅವನೇ, ಕೀಬೋರ್ಡು ಒತ್ತುವವನೂ ಅವನೇ. ಡ್ರಮ್ಮು ಬೇಕರಿಯವನದು. ಇನ್ನೊಂದು ಗಿಟಾರು ಬಸ್ ಡ್ರೈವರನದು. ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ, ಗುಮ್ಮಕ್ಕನಿಗೆ ಹತ್ತೊಂಬತ್ತು. ಅವನಿಗೆ ಉಣಿಸಿದ್ದು, ಬೈದದ್ದು, ಒಂದು ಎರಡು ಮೂರು ನಾಲ್ಕು ಎಂದು ತಾಳ ಎಣಿಸುವುದು ಕಲಿಸಿದ್ದು ಎಲ್ಲ ಅವಳೇ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನಿಮಗೆ ಬೇರೆ ಕೆಲಸ ಇಲ್ವಾ?" ಅನ್ನುತ್ತಿದ್ದಳು.

ಅವಳ ಗಿಟಾರು ಪ್ಲೈವುಡ್ಡಿನದು. ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದನ್ನು ಎತ್ತಿಕೊಂಡು ಬಂದಿದ್ದಳು. ಅಂಚು ಚಕ್ಕೆ ಎದ್ದ ಕಡೆ ಪದರ ಪದರ ಕಾಣುತ್ತಿತ್ತು. ಗುಂಡಿಗಳಲ್ಲಿ ಒಂದು ಹಳೇ ರೇಡಿಯೋದ್ದು, ಇನ್ನೊಂದು ಹೊಲಿಗೆ ಯಂತ್ರದ್ದು. ಹೆಗಲ ಪಟ್ಟಿ ಕಾರಿನ ಸೀಟು ಬೆಲ್ಟು. ತಂತಿ ಮಂಕಾದರೆ ಬಿಚ್ಚಿ, ಸುರುಳಿ ಸುತ್ತಿ, ಸೋಡಾಪುಡಿ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಒರೆಸಿ, ಮತ್ತೆ ಏರಿಸುವಳು. ಸದ್ದು ಎಳೆದಾಡದೆ ತಟ್ಟನೆ ನಿಲ್ಲಲಿ ಎಂದು ತಂತಿಯ ಬುಡಕ್ಕೆ ಪಾತ್ರೆ ಉಜ್ಜುವ ಸ್ಪಂಜಿನ ತುಂಡು ಸಿಕ್ಕಿಸಿದ್ದಳು. ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಭಾಷಣದ ಮೈಕ್ ಸೆಟ್ಟಿನವನು ಬೇಡವೆಂದು ಎಸೆದದ್ದು. ಅದರ ಪ್ರತಿಯೊಂದು ಬೆಸುಗೆಯೂ ಅವಳ ಕೈಯದೇ.

"ಇದು ಬಿದ್ರೆ ಎತ್ಕೋತೀನಿ. ಲಕ್ಷದ್ದು ಬಿದ್ರೆ ಅದರ ಜೊತೆ ನಾನೂ ಬೀಳ್ತೀನಿ," ಅನ್ನುತ್ತಿದ್ದಳು. ಇದು ನಿಜವೇ. ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಅಗ್ಗದ್ದರ ಮೇಲಿನ ಪ್ರೀತಿಗಿಂತ ದುಬಾರಿಯದರ ಮೇಲಿನ ಸಿಟ್ಟೇ ಅವಳಲ್ಲಿ ಒಂದು ಕೈ ಹೆಚ್ಚಿತ್ತು.

ಆ ಸಿಟ್ಟು ಏರಿದ್ದು ಒಂದು ಮಧ್ಯಾಹ್ನ. ಹೊಸದೊಂದು ಕೊಡಿಸುತ್ತೇನೆಂದು ತಮ್ಮ ಅವಳನ್ನು ವಾದ್ಯದ ಅಂಗಡಿಗೆ ಎಳೆದುಕೊಂಡು ಹೋಗಿದ್ದ. ಅವನು ಕೀಬೋರ್ಡುಗಳ ಕಡೆ ಹೋದ. ಗುಮ್ಮಕ್ಕ ಗೋಡೆಯ ಮೇಲಿನ ಒಂದು ಬೇಸ್ ಗಿಟಾರಿಗೆ ಕೈ ಚಾಚಿದಳು. ಉಗುರಿನ ಸಂದಿಯಲ್ಲಿ ಯಂತ್ರದ ಎಣ್ಣೆ ಇತ್ತು.

"ಅಮ್ಮಾ, ಕೈ ತೊಳ್ಕೊಂಡು ಬನ್ನಿ. ಇದು ಎಲ್ಲರೂ ಮುಟ್ಟೋದಲ್ಲ," ಅಂದ ಅಂಗಡಿಯವನು.

"ಮುಟ್ಟೋಕೇ ಹೆದರಬೇಕಾದ್ದನ್ನ ನುಡಿಸೋದು ಹೇಗಪ್ಪಾ? ಬೀರುವಿನಲ್ಲಿಟ್ಟು ಬೀಗ ಹಾಕು."

ಆದರೂ ಕೈ ತೊಳೆದು ಬಂದು ನುಡಿಸಿದಳು. ಹಿಂದುಮುಂದು ತಿರುಗಿಸಿ ನೋಡಿದಳು. ಬೆನ್ನಿನಲ್ಲಿ ಒಂದು ಪುಟ್ಟ ಮುಚ್ಚಳ. ಅದೇನು ಎಂದು ಕೇಳಿದಳು. ಒಳಗೆ ಚೌಕ ಬ್ಯಾಟರಿ ಇದೆ, ಇದಕ್ಕೆ ಬೇರೆ ಸ್ವಿಚ್ಚು ಇಲ್ಲ, ವೈರು ಚುಚ್ಚಿದರೆ ಶುರು, ಕಿತ್ತರೆ ಬಂದ್, ಕೀಳುವುದು ಮರೆತರೆ ಬ್ಯಾಟರಿ ತಾನೇ ಕರಗಿ ಹೋಗುತ್ತದೆ ಎಂದು ಅವನು ಮೂಗಿನಲ್ಲೇ ಹೇಳಿದ.

"ನಾಲ್ಕು ತಂತಿ ಮೀಟೋಕೆ ಬ್ಯಾಟರಿ ಬೇರೆ," ಎಂದು ಗೋಡೆಗೆ ವಾಪಸ್ ನೇತುಹಾಕಿ ಒಬ್ಬಳೇ ಮನೆಗೆ ನಡೆದು ಬಂದಳು. ಅಂಗಡಿಯವನಿಗೆ ತಮ್ಮ ಸಮಾಧಾನ ಹೇಳಿ ಬರಬೇಕಾಯಿತು. ಅದನ್ನು ಅವನು ಮರೆಯಲಿಲ್ಲ.

ಕ್ಲಬ್ಬಿಗೆ ಐವತ್ತು ವರ್ಷ ತುಂಬುವ ವರ್ಷ ಬಂತು. ದೊಡ್ಡ ಕಾರ್ಯಕ್ರಮ, ವಿಡಿಯೋ ತೆಗೆಯುವವರು ಬೇರೆ. ಒಂದು ಮಂಗಳವಾರ ತಮ್ಮನು ತನ್ನ ಹೆಂಡತಿಯನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಗುಮ್ಮಕ್ಕನ ಅಂಗಡಿಗೆ ಬಂದ. ಈ ಬಾಮೈದ ಹಡಗಿನ ಕೆಲಸ ಬಿಟ್ಟು ಹೊಸದಾಗಿ ಊರಿಗೆ ಬಂದಿದ್ದ. ಬೆನ್ನಿಗೆ ಒಂದು ಉದ್ದ ಪೆಟ್ಟಿಗೆ. ತೆರೆದರೆ ಒಳಗೆ ಮಖಮಲ್ಲು, ಮಖಮಲ್ಲಿನ ಮೇಲೆ ಜೇನಿನ ಬಣ್ಣದ ಬೇಸ್ ಗಿಟಾರು.

"ಅಕ್ಕ, ಈ ಸಲ ಇವನು ನುಡಿಸ್ಲಿ. ನೀನು ಮುಂದಿನ ಸಾಲಲ್ಲಿ ಕೂತು ಆರಾಮಾಗಿ ಕೇಳು," ಅಂದ ತಮ್ಮ.

"ನಾನು ಕೂತು ಕೇಳೋಕೆ ಯಾವಾಗ ಅರ್ಜಿ ಹಾಕಿದ್ದೆ?"

"ನಿನ್ನ ಕೈ ಬಗ್ಗೆ ಮಾತಿಲ್ಲ. ಆ ಹಲಗೆ ಇದೆಯಲ್ಲ, ಅದು ವಿಡಿಯೋದಲ್ಲಿ ಹೇಗೆ ಕಾಣುತ್ತೆ? ಗುಂಡಿ ಒಂದು ರೇಡಿಯೋದ್ದು, ಪಟ್ಟಿ ಕಾರಿಂದು."

"ಹಾಡು ಕೇಳೋರು ಗುಂಡಿ ನೋಡ್ತಾರಾ?"

"ನೋಡ್ತಾರೆ ಅತ್ತಿಗೆ," ಅಂದಳು ನಾದಿನಿ ಮೆಲ್ಲಗೆ. "ಹೋದ ವರ್ಷದ ಫೋಟೋ ನೋಡಿ ನಮ್ಮ ಚಿಕ್ಕಮ್ಮ, ಆ ಮೂಲೇಲಿ ಇಸ್ತ್ರಿ ಮಣೆ ಹಿಡ್ಕೊಂಡಿರೋರು ಯಾರು ಅಂತ ಕೇಳಿದ್ರು."

ಬೇಕರಿಯವನು ನಗು ತಡೆಯಲಾರದೆ ಕೆಮ್ಮಿದ. ಗುಮ್ಮಕ್ಕ ಅವನ ಕಡೆ ತಿರುಗಿ ನೋಡಿದಳು, ಕೆಮ್ಮು ನಿಂತಿತು.

"ಈ ಸಲ ಮಾತ್ರವಾ? ಆಮೇಲೂನಾ?" ಎಂದು ತಮ್ಮನನ್ನು ಕೇಳಿದಳು.

"ನೋಡೋಣ. ಚೆನ್ನಾಗಿ ಬಂದ್ರೆ ಇವನೇ ಮುಂದುವರೀಲಿ. ಇಲ್ಲ, ನೀನೂ ಒಂದು ಒಳ್ಳೇದು ತಗೋ."

ಮೂವತ್ತು ವರ್ಷ ನಿಂತ ಜಾಗ ಹೀಗೆ ಒಂದು ಬಣ್ಣದ ಮರದ ಮೇಲೆ ನೇತಾಡುವಂತಾಯಿತು. ಗುಮ್ಮಕ್ಕ ಹಿಂದಿನ ಕೋಣೆಯ ಬೀಗದಕೈ ತೆಗೆದು ಮೇಜಿನ ಮೇಲೆ ಟಪ್ಪೆಂದು ಇಟ್ಟು, ಬಿಚ್ಚಿದ್ದ ಯಂತ್ರದ ಮುಂದೆ ಕೂತಳು.

ಬಾಮೈದ ಕೆಟ್ಟದಾಗೇನೂ ನುಡಿಸುತ್ತಿರಲಿಲ್ಲ. ಅವಳಿಗೆ ಇನ್ನಷ್ಟು ಉರಿದದ್ದು ಅದರಿಂದಲೇ. ಅಭ್ಯಾಸ ಮುಗಿದ ಮೇಲೆ ಅವನು ತನ್ನ ಗಿಟಾರನ್ನು ಅಲ್ಲೇ ಸ್ಟ್ಯಾಂಡಿಗೆ ಒರಗಿಸಿ, ಸದ್ದಿನ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಮನೆಗೆ ಹೊರಟ. ಸ್ವಿಚ್ಚು ಆರಿಸಿದರೆ ಎಲ್ಲ ಆರಿತೆಂದು ಅವನ ಲೆಕ್ಕ. ವೈರು ಗಿಟಾರಿನಲ್ಲೇ ಇತ್ತು.

ಮಾರನೆಯ ದಿನ ಕಸ ಗುಡಿಸಲು ಬಂದ ಗುಮ್ಮಕ್ಕ ಅದನ್ನು ಕಂಡಳು. ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಮುಗಿಯಿತು. ಅವಳು ಸ್ಟ್ಯಾಂಡಿನ ಸುತ್ತ ಗುಡಿಸಿ, ಬಾಗಿಲು ಎಳೆದುಕೊಂಡು ಬಂದಳು. ಬಾಯಿ ಬಿಡುವುದಕ್ಕೆ ಒಂದಲ್ಲ ಹತ್ತು ಸಂದರ್ಭ ಬಂದವು. ತಮ್ಮನ ಕನ್ನಡಕದ ಅಂಗಡಿ ಎದುರು ಬೀದಿಯಲ್ಲೇ ಇತ್ತು. ಬಾಮೈದನೇ ಒಮ್ಮೆ ಬಂದು, "ಅಕ್ಕ, ನನ್ನ ಗಿಟಾರು ಇಲ್ಲಿದ್ರೆ ತೊಂದರೆ ಇಲ್ಲ ತಾನೆ?" ಎಂದು ಕೇಳಿದ.

"ನನಗೇನು ತೊಂದರೆ?" ಅಂದಳು ತಲೆ ಎತ್ತದೆ.

ಮುಂದಿನ ಮಂಗಳವಾರವೂ ವೈರು ಹಾಗೇ ಉಳಿಯಿತು. ಬುಧವಾರ ಅವಳು ಮಾಡಿದ ಕೆಲಸವನ್ನು ಯಾರೂ ಮೆಚ್ಚುವಂತಿಲ್ಲ. ಯಂತ್ರದ ಮೋಟಾರು ಪರೀಕ್ಷಿಸುವ ಮೀಟರನ್ನು ಹಿಡಿದು ಹಿಂದಿನ ಕೋಣೆಗೆ ಹೋದಳು. ಬೆನ್ನಿನ ಮುಚ್ಚಳ ತೆಗೆದು ಬ್ಯಾಟರಿಗೆ ಮೀಟರಿನ ಎರಡೂ ಕಡ್ಡಿ ತಾಗಿಸಿದಳು. ಒಂಬತ್ತು ವೋಲ್ಟ್ ಇರಬೇಕಾದದ್ದು ಏಳೂಕಾಲು ತೋರಿಸಿತು. ಮುಚ್ಚಳ ಹಾಕಿ, ಮೆರುಗಿನ ಮೇಲೆ ಬೆರಳಚ್ಚು ಬಿದ್ದದ್ದನ್ನು ಸೆರಗಿನಿಂದ ಒರೆಸಿದಳು. ಶುಕ್ರವಾರ ಬೆಳಿಗ್ಗೆ ಮತ್ತೆ ನೋಡಿದಳು. ಆರೂವರೆ. ಅವತ್ತು ಒಂದು ಯಂತ್ರದ ಸೂಜಿಯನ್ನು ತಿರುವುಮುರುವು ಕೂರಿಸಿದಳು. ಹಿಂದೆ ಎಂದೂ ಹಾಗೆ ಆಗಿರಲಿಲ್ಲ.

ಶನಿವಾರ ಕ್ಲಬ್ಬಿಗೆ ಹೋದಳು, ಆದರೆ ಮುಂದಿನ ಸಾಲಿನಲ್ಲಿ ಕೂರಲಿಲ್ಲ. ಅಡುಗೆಮನೆ ಬಾಗಿಲ ಪಕ್ಕ ಒಂದು ಕುರ್ಚಿ ಎಳೆದುಕೊಂಡಳು. ಮೊದಲ ಮೂರು ಹಾಡು ಚೆನ್ನಾಗಿ ಬಂದವು. ಜನ ಚಪ್ಪಾಳೆ ತಟ್ಟಿದರು. ಬ್ಯಾಟರಿ ಇನ್ನೂ ಒಂದು ದಿನ ಬಾಳಬಹುದೇನೋ, ಬಾಳಿಬಿಟ್ಟರೆ ನನ್ನ ಜಾಗ ಹೋದ ಹಾಗೆಯೇ ಎಂದು ಲೆಕ್ಕ ಹಾಕುತ್ತಾ ಕೂತಳು. ನಾಲ್ಕನೆಯ ಹಾಡಿನ ನಡುವೆ ಬೇಸಿನ ಸದ್ದು ಒಡೆದ ತಗಡು ಅಲುಗಿದ ಹಾಗೆ ಬರ್ರೆಂದಿತು. ಆಮೇಲೆ ತೆಳ್ಳಗಾಯಿತು. ಆಮೇಲೆ ಇಲ್ಲವೇ ಇಲ್ಲ.

ಬೇಸ್ ಇರುವವರೆಗೆ ಯಾರ ಕಿವಿಗೂ ಬೀಳುವುದಿಲ್ಲ. ನಿಂತಾಗ ಮಾತ್ರ ಹಾಡಿನ ತಳವೇ ಕಿತ್ತುಹೋದಂತೆ ಆಗುತ್ತದೆ. ತಮ್ಮನ ದನಿ ಬರಿಗಾಲಲ್ಲಿ ಜಲ್ಲಿಯ ಮೇಲೆ ನಡೆದಂತಾಯಿತು. ಬಾಮೈದ ಸದ್ದಿನ ಪೆಟ್ಟಿಗೆಯ ಗುಂಡಿ ತಿರುಗಿಸಿದ, ಬೇರೆ ವೈರು ಹಾಕಿದ, ಕೊನೆಗೆ ಗಿಟಾರನ್ನೇ ತಟ್ಟಿದ. ಬೆನ್ನಿನ ಮುಚ್ಚಳದ ನೆನಪು ಅವನಿಗೆ ಬರಲೇ ಇಲ್ಲ. ಜನ ಮಾತಿಗಿಳಿದರು. ಯಾರೋ ಕುರ್ಚಿ ಸರಿಸಿಕೊಂಡು ಎದ್ದರು. ವಿಡಿಯೋದವನು ಕ್ಯಾಮೆರಾ ಕೆಳಗಿಳಿಸಿದ.

ಹಾಡು ಹೇಗೋ ಮುಗಿಯಿತು. ಬೇಕರಿಯವನು ಬೆವರು ಒರೆಸಿಕೊಳ್ಳುತ್ತಾ ಅವಳ ಬಳಿಗೆ ಓಡಿ ಬಂದ.

"ಅಕ್ಕ, ನಿಮ್ಮದು ತಂದುಬಿಡಿ. ಮಾನ ಹೋಗ್ತಾ ಇದೆ."

"ಇಸ್ತ್ರಿ ಮಣೆ ಸಾಕಾ?"

"ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ."

ಗುಮ್ಮಕ್ಕ ಎರಡು ಬೀದಿ ದಾಟಿ ಅಂಗಡಿಗೆ ಹೋಗಿ, ಗಿಟಾರನ್ನು ಹೆಗಲಿಗೇರಿಸಿಕೊಂಡು ಹದಿನೈದು ನಿಮಿಷದಲ್ಲಿ ವಾಪಸ್ ಬಂದಳು. ಬಾಮೈದನ ಸದ್ದಿನ ಪೆಟ್ಟಿಗೆಗೇ ವೈರು ಚುಚ್ಚಿ, ಅವನು ನಿಂತಿದ್ದ ಜಾಗದಲ್ಲಿ ನಿಂತು ಉಳಿದ ಹನ್ನೊಂದು ಹಾಡನ್ನೂ ನುಡಿಸಿದಳು. ಹಾಡಿಗೆ ನೆಲ ಸಿಕ್ಕಿತು. ಜನ ಅವಳ ಗುಂಡಿಯನ್ನೂ ನೋಡಲಿಲ್ಲ, ಪಟ್ಟಿಯನ್ನೂ ನೋಡಲಿಲ್ಲ. ಎದ್ದು ಕುಣಿಯುವವರು ಕುಣಿದರು. ಮುಗಿದ ಮೇಲೆ ಕ್ಲಬ್ಬಿನ ಕಾರ್ಯದರ್ಶಿ ಬಂದು ತಮ್ಮನ ಕೈ ಕುಲುಕಿದ. ಗುಮ್ಮಕ್ಕನ ಎದೆ ಹಗುರಾಯಿತು. ಗೆದ್ದೆ ಅಂದುಕೊಂಡಳು. ಎಡವಿದ್ದು ಆ ಹಗುರದಲ್ಲೇ.

ವೇದಿಕೆಯ ಹಿಂದಿನ ಕೋಣೆಯಲ್ಲಿ ಬಾಮೈದ ತನ್ನ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. "ಒಳಗೆ ಏನೋ ಸುಟ್ಟಿರಬೇಕು. ಕಂಪನಿಗೇ ಕಳಿಸಬೇಕಾಗುತ್ತೆ," ಅಂದ ಬಸ್ ಡ್ರೈವರು.

"ಕಂಪನಿಗಲ್ಲ, ಮಂಗಳ ಗ್ರಹಕ್ಕೆ ಕಳಿಸಿ," ಅಂದಳು ಗುಮ್ಮಕ್ಕ. "ಸುಟ್ಟಿಲ್ಲ ಏನಿಲ್ಲ. ಬ್ಯಾಟರಿ ಸತ್ತಿದೆ. ಇದೇ ನಿಮ್ಮ ಲಕ್ಷದ್ದರ ಹಣೆಬರಹ."

ಕೀಬೋರ್ಡಿಗೆ ಬಟ್ಟೆ ಸುತ್ತುತ್ತಿದ್ದ ತಮ್ಮ ಕೈ ನಿಲ್ಲಿಸಿದ. "ನಿನಗೆ ಹೇಗೆ ಗೊತ್ತು? ನೀನು ಅದನ್ನ ಮುಟ್ಟೇ ಇಲ್ಲವಲ್ಲ."

ಸುಮ್ಮನೆ ಒಂದು ಅಂದಾಜು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಳೆದು ನೋಡಿದ್ದನ್ನು ಅಂದಾಜು ಅನ್ನುವುದು ಅವಳ ನಾಲಿಗೆಗೆ ಬಾರದ ಮಾತು.

"ನಿನ್ನೆ ಬೆಳಿಗ್ಗೆ ಮೀಟರು ಆರೂವರೆ ತೋರಿಸ್ತು," ಅಂದಳು.

ಹೊರಗೆ ಕುರ್ಚಿ ಮಡಚುವ ಸದ್ದು ಕೇಳಿಸುತ್ತಿತ್ತು.

"ಅದಕ್ಕೂ ಮುಂಚೆ?" ಅಂದ ತಮ್ಮ.

"ಬುಧವಾರ ಏಳೂಕಾಲು."

"ನಮ್ಮ ಅಂಗಡಿ ಎದುರೇ ಓಡಾಡಿದೆಯಲ್ಲ. ಒಂದು ಮಾತು ಹೇಳಬಹುದಿತ್ತು."

"ನೀನೂ ಒಂದು ಮಾತು ಕೇಳಬಹುದಿತ್ತು. ಮೂವತ್ತು ವರ್ಷದ ಮೇಲೆ, ಅಕ್ಕ, ನೀನು ಏನಂತೀಯ ಅಂತ."

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಕೆನ್ನೆಗೆ ಹೊಡೀಬೇಕಿತ್ತು. ಐನೂರು ಜನರ ಮುಂದೆ ನಾಲ್ಕು ಜನರನ್ನ ಮುಳುಗಿಸ್ತಾರಾ?" ಅವನ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. "ಇನ್ಮೇಲೆ ಬರಬೇಡ ಅಕ್ಕ."

"ಬರಬೇಡ ಅಂತ ಮೊದಲೇ ಅಂದಿದ್ದೆಯಲ್ಲ."

"ಆಗ ನಿನ್ನ ಗಿಟಾರಿಗೆ ಅಂದಿದ್ದೆ. ಈಗ ನಿನಗೆ ಅಂತಿದೀನಿ."

ಬೇಕರಿಯವನ ಮುಖ ನೋಡಿದಳು. ಅವನು ತನ್ನ ಡ್ರಮ್ಮಿನ ಕೋಲುಗಳನ್ನು ನೋಡುತ್ತಿದ್ದ. ಗುಮ್ಮಕ್ಕ ಗಿಟಾರು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಬಾಗಿಲಿನಿಂದ ಹೊರಬಿದ್ದಳು.

ಮುಂದಿನ ಮಂಗಳವಾರ ಬ್ಯಾಂಡಿನವರು ಬಂದದ್ದು ಅಭ್ಯಾಸಕ್ಕಲ್ಲ. ಸಾಮಾನು ಸಾಗಿಸಲು. ಡ್ರಮ್ಮು, ಮೈಕಿನ ಕಾಲುಗಳು, ಕುರ್ಚಿಗಳು ಒಂದೊಂದೇ ಅವಳ ಮುಂದಿನಿಂದ ಬೀದಿಗೆ ಹೋದವು. ತಮ್ಮ ಬರಲಿಲ್ಲ. ಗುಮ್ಮಕ್ಕ ಯಂತ್ರದಿಂದ ಕಣ್ಣು ತೆಗೆಯದೆ ಕೂತಿದ್ದಳು. ಕೊನೆಗೆ ತನ್ನ ಸ್ಟ್ಯಾಂಡು ಎತ್ತಿಕೊಂಡು ಹೊರಟ ಬಾಮೈದ ಮೇಜಿನ ಎದುರು ನಿಂತ.

"ಅಕ್ಕ, ವೈರು ಕೀಳಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ."

"ಮಾರಿದ ಅಂಗಡಿಯವನು ಹೇಳಬೇಕಿತ್ತು."

"ನೀವೂ ಅಂಗಡಿ ಇಟ್ಟವರೇ ಅಲ್ವಾ," ಅಂದ ಅವನು.

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು. ಹೊರಗೆ ಹೋಗು ಎನ್ನಲು ಬಾಯಿ ತೆರೆದಳು. ಆದರೆ ಬಾಯಿಗೆ ಬಂದದ್ದು ಬೇರೆ.

"ಗಿಟಾರನ್ನ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಇಡಬೇಡ, ಅದರ ಕತ್ತು ಬಾಗುತ್ತೆ," ಅಂದಳು, ಜಗಳದ ದನಿಯಲ್ಲೇ. "ಬಾಗಿದ್ರೆ ತುದಿಯಲ್ಲಿರೋ ಸ್ಕ್ರೂನ ಕಾಲು ಸುತ್ತು ಮಾತ್ರ ತಿರುಗಿಸು, ಒಂದು ದಿನ ಬಿಟ್ಟು ನೋಡು. ವೈರಿನ ತೂತು ಸಡಿಲ ಆಗಿದೆ, ಆರು ತಿಂಗಳಲ್ಲಿ ಗೊರಗೊರ ಅನ್ನುತ್ತೆ. ಒಳಗಿನ ನಟ್ಟು ಬಿಗಿ ಮಾಡ್ಸು. ಮೂರನೇ ತಂತಿ ಒಂದು ಕಡೆ ಸವೆದಿದೆ. ಬ್ಯಾಟರಿ ಯಾವಾಗಲೂ ಒಂದು ಜೇಬಲ್ಲಿರ್ಲಿ."

ಅವನು ಸ್ಟ್ಯಾಂಡು ಕೆಳಗಿಟ್ಟು ಕೇಳಿಸಿಕೊಂಡ. ಕೂತುಕೋ ಎಂದು ಅವಳು ಅನ್ನಲಿಲ್ಲ. ಎಲ್ಲ ಹೇಳಿ ಮುಗಿಯುವವರೆಗೆ ಹೋಗಗೊಡಲೂ ಇಲ್ಲ.

"ಇಷ್ಟೇ," ಅಂದಳು ಕೊನೆಗೆ. "ಇನ್ನು ಹೋಗು. ಬಾಗಿಲು ಹಾಕ್ಕೊಂಡು ಹೋಗು, ಧೂಳು ಬರುತ್ತೆ."