ಬೆನ್ನು ತಟ್ಟಿ ನೋಡುತ್ತಿದ್ದ ಸಂಘ

ಹತ್ತನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು: ಬಿಳಿಯರೇ ಮೇಲು ಎಂದು ನಂಬಿದ ಅಮೆರಿಕದ ಗುಪ್ತ ಸಂಘಗಳು ಹುಟ್ಟಿದ್ದು ಹೇಗೆ, ಅವು ಬಿಟ್ಟುಹೋದದ್ದೇನು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿ, ಅಬುಧಾಬಿಯಲ್ಲಿ ಸರಕು ಸಾಗಣೆಯ ಕಾಗದಪತ್ರ ನೋಡಿಕೊಂಡಿರುವ ನನಗೆ ಇಂಥ ಅವಕಾಶ ಅಪರೂಪ. ಊಟದ ಮೇಜಿನಲ್ಲೇ ಪಾಠ ಶುರು ಮಾಡಿದೆ.

ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ಹೋರಾಡಿ ಸೋತು ಬಂದ ಕೆಲವು ಸೈನಿಕರು ಮುಸುಕು, ಆಣೆ, ವಿಚಿತ್ರ ಬಿರುದುಗಳನ್ನಿಟ್ಟುಕೊಂಡು ಸಂಘ ಕಟ್ಟಿದರು. ಬಿಡುಗಡೆಯಾದ ಕರಿಯರು ಮತ ಹಾಕಲು ಹೊರಟಾಗ ಅದೇ ಸಂಘ ಮನೆಗಳಿಗೆ ನುಗ್ಗಿ ಹೊಡೆಯಿತು, ಕೊಂದಿತು. ಕಾನೂನು ಅಡಗಿಸಿದರೂ ಮುಂದಿನ ಶತಮಾನದಲ್ಲಿ ಮತ್ತೆ ಎದ್ದಿತು. ಆಗ ಕ್ಯಾಥೊಲಿಕರು, ಯೆಹೂದಿಗಳು, ವಲಸೆ ಬಂದವರೂ ಅದರ ಶತ್ರುಗಳಾದರು. ಸದಸ್ಯರಲ್ಲಿ ಅಂಗಡಿಯವರಿದ್ದರು, ಗುಮಾಸ್ತರಿದ್ದರು, ಪೊಲೀಸರೂ ಇದ್ದರು.

"ಮೊದಲು ಅದು ಬರೀ ತಮಾಷೆಯಾಗಿತ್ತು ಅಂತ ಶುರು ಮಾಡಿದವರೇ ಆಮೇಲೆ ಹೇಳಿಕೊಂಡರು. ನಂಬಬೇಡ. ತಪ್ಪು ಮಾಡಿದವರ ನೆನಪಿಗೆ ಬೇರೆ ಸಾಕ್ಷಿ ಕೇಳು," ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ನಿಮ್ಮ ಹಾಸ್ಟೆಲ್ ಸ್ಟೋರಿಗೆ ಸೋರ್ಸ್ ಯಾರಪ್ಪಾ?"

ಪ್ರತಿ ವರ್ಷ ರಾಜ್ಯೋತ್ಸವದ ಊಟದಲ್ಲಿ ನಾನು ಹೇಳಿ ನಗಿಸುವ ಕತೆ ಅದು. ಹಾಸ್ಟೆಲಿನಲ್ಲಿ ನಮ್ಮ ಜಾತಿಯ ಹುಡುಗರದ್ದೊಂದು ಗುಟ್ಟಿನ ಸಂಘವಿತ್ತು. ಹೊಸಬ ಬಂದರೆ ಸ್ನೇಹದಿಂದೆಂಬಂತೆ ಬೆನ್ನು ತಟ್ಟುತ್ತಿದ್ದೆವು. ಕೈಗೆ ಜನಿವಾರ ಸಿಕ್ಕಿದರೆ ಮೇಲಿನ ಮಹಡಿಯ ಗಾಳಿ ಬೆಳಕಿನ ಕೊಠಡಿ, ಇಲ್ಲವಾದರೆ ಕಕ್ಕಸಿನ ಪಕ್ಕದ್ದು. ಒಮ್ಮೆ ಕರಾವಳಿಯ ಹುಡುಗನೊಬ್ಬ ಬಂದ. ಅವನದು ಯಾವ ಜಾತಿಗೂ ಹೊಂದುವ ಹೆಸರು, ಮುಂದೆ ಒಂದೇ ಇನಿಷಿಯಲ್. ಬೆನ್ನು ತಟ್ಟಿದಾಗ ದಾರ ಸಿಕ್ಕಿತು. ಆಣೆ ಮಾಡಿಸಿ ಸಂಘಕ್ಕೆ ಸೇರಿಸಿಕೊಂಡು ನನ್ನ ಕೊಠಡಿಯಲ್ಲೇ ಇರಿಸಿದೆವು. ವಾರದ ಮೇಲೆ ಅವನು ಅಂಗಿ ಬಿಚ್ಚಿದಾಗ ನೋಡಿದರೆ, ದಾರದ ತುದಿಯಲ್ಲಿ ಮೇರಿ ಮಾತೆಯ ಚಿತ್ರ ಹೊಲಿದ ಪುಟ್ಟ ಬಟ್ಟೆಯ ಚೂರು. ಕೊಂಕಣಿ ಕ್ರೈಸ್ತರು ಧರಿಸುವ ಬೆಂತಿಣ್ ಅದು. ಅವನನ್ನು ಹೊರಹಾಕಿದರು, ಅವನ ಟ್ರಂಕಿನ ಒಂದು ಹಿಡಿ ನಾನು ಹಿಡಿದು, ಅವನೊಂದಿಗೇ ಹೊರನಡೆದೆ.

ಆ ಹುಡುಗ ಈಗ ಇಲ್ಲೇ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಮನೆಯ ಹಿಂದಿನ ಕಟ್ಟಡದಲ್ಲೇ ಇದ್ದಾನೆ, ಆಸ್ಪತ್ರೆಯೊಂದರ ಆಫೀಸಿನಲ್ಲಿ ಕೆಲಸ. ನನ್ನ ಕತೆಗೆ ಅವನೂ ನಗುತ್ತಾನೆ.

ಆ ಶನಿವಾರ ಎಂದಿನಂತೆ ಇಬ್ಬರೂ ಅಲ್ ಮೀನಾ ಮಾರುಕಟ್ಟೆಗೆ ಹೋದೆವು. ನಾನು ತರಕಾರಿ ಕೊಂಡೆ. ಅವನ ಅಂಜಲ್ ಮೀನು ಕತ್ತರಿಸಿ ಆಗುವವರೆಗೆ ನಿಂತಿದ್ದಾಗ, ಅವತ್ತು ನಾನು ಅವನ ಜೊತೆ ಹೊರಗೆ ಬಂದಿದ್ದು ನಿಜವೇ ಎಂದು ಕೇಳಿದೆ.

ಅವನು ಕೈಯಲ್ಲಿದ್ದ ಸರದಿಯ ಟೋಕನ್ ನೋಡುತ್ತಲೇ ಹೇಳಿದ: "ಟ್ರಂಕು ನಾನೊಬ್ಬನೇ ಹೊತ್ತದ್ದು ಮಾರಾಯ. ಒಳಗಿಂದ ಚಿಲಕ ಹಾಕಿದ್ದು ನೀನು."

"ಮತ್ತೆ ಪ್ರತಿ ಸಲ ನಗ್ತೀಯಲ್ಲ?"

"ನಿನ್ನ ಹೆಂಡತಿ, ಮಗಳು ಕೂತಿರ್ತಾರೆ. ಅವರೆದುರು ಎಂತ ಹೇಳುದು?"

ಅವನ ನೆನಪೂ ತಪ್ಪಿರಬಹುದು ಎಂದು ದಾರಿಯುದ್ದಕ್ಕೂ ವಾದಿಸಿಕೊಂಡೆ. ಆ ಕಾರಿಡಾರು, ಟ್ರಂಕಿನ ತಣ್ಣನೆಯ ಹಿಡಿ ನನಗೆ ಇಂದೂ ಸ್ಪಷ್ಟ. ಆದರೆ ಹಾಗೆ ನೆನಪಿಟ್ಟುಕೊಳ್ಳುವುದರಿಂದ ನನಗೆ ಲಾಭವಿತ್ತು; ಇಷ್ಟು ವರ್ಷ ಸುಮ್ಮನಿದ್ದು ಅವನಿಗೆ ಏನೂ ಸಿಕ್ಕಿರಲಿಲ್ಲ.

ಮನೆಗೆ ಬಂದವನೇ ಮಗಳಿಗೆ ಎಲ್ಲ ಹೇಳಿದೆ. ಅವಳು ತನ್ನ ಟಿಪ್ಪಣಿಗಳನ್ನು ತಿರುವಿಹಾಕಿದಳು. ಆಮೇಲೆ, ಪ್ರಾಜೆಕ್ಟಿನ ಕೊನೆಯ ಭಾಗದಲ್ಲಿ ಇದನ್ನು ಹಾಕಬಹುದೇ, 'ನನಗೆ ಗೊತ್ತಿರುವ ಒಬ್ಬರು' ಎಂದು ಬರೆದರೆ ಸಾಕೇ ಎಂದು ಕೇಳಿದಳು.

ಕನ್ನಡ ಸಂಘದವರ ಮಕ್ಕಳೆಲ್ಲ ಅದೇ ಶಾಲೆಯಲ್ಲಿದ್ದಾರೆ, ಇದೆಲ್ಲ ಯಾಕೆ ಬೇಕು ಎಂದು ಹೆಂಡತಿ ಅಡುಗೆಮನೆಯಿಂದಲೇ ಎಚ್ಚರಿಸಿದಳು.

"'ನನ್ನ ಅಪ್ಪ' ಅಂತಲೇ ಬರಿ," ಎಂದೆ. "ಅಪ್ಪನಿಗೆ ಬೇರೆ ಥರ ನೆನಪಿದೆ ಅಂತಲೂ ಬರಿ. ಸಾಕ್ಷಿ ಆ ಅಂಕಲ್. ಅವರನ್ನು ಕೇಳಿಯೇ ಹಾಕು."

ಅವಳು ಲ್ಯಾಪ್‌ಟಾಪ್ ತೆರೆದಳು. "ಚಿಲಕ ಯಾಕೆ ಹಾಕಿದ್ರಿ?"

"ನೆನಪಿಲ್ಲ. ಆದರೆ ಕೋರ್ಸ್ ಮುಗಿಯೋವರೆಗೂ ನಾನು ಆ ಮಹಡಿಯ ಕೊಠಡಿಯಲ್ಲೇ ಇದ್ದೆ. ಅದಂತೂ ಖಚಿತ."

ಅದನ್ನೂ ಬರೆದುಕೊಂಡಳು.