ಕ್ಯಾತಪ್ಪನ ಎಡಗಣ್ಣು

ಚಳ್ಳಕೆರೆಯ ಎಣ್ಣೆ ಗಿರಣಿಗಳ ಸಾಲಿನಲ್ಲಿ ಬೆಳಗಿನ ಆರಕ್ಕೇ ತಬಸ್ಸುಮ್ ಅವರ ಕಲ್ಲಿನ ಅಂಗಡಿ ತೆರೆಯುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಕೈಕೊಡುವುದು ಕಡಿಮೆ. ಕಂಪ್ಯೂಟರ್ ಪರದೆಯಲ್ಲಿ ಒಂದು ಮುಖ. ಅದರ ಕಣ್ಣಿನ ಮೇಲೆ ಅವರ ತೋರುಬೆರಳು. ಬೆರಳು ನಿಧಾನವಾಗಿ ಹೊರಗೆ ಸರಿಯುತ್ತದೆ, ತುಟಿ ಎಣಿಸುತ್ತದೆ.

ಸಮಾಧಿ ಕಲ್ಲಿಗೆ ತೀರಿಕೊಂಡವರ ಮುಖ ಮೂಡಿಸುವುದು ಅವರ ಕೆಲಸ. ಫೋಟೋವನ್ನು ಗೆರೆಗಳಾಗಿ ಬಿಡಿಸಿ ಕೊಟ್ಟರೆ ಲೇಸರ್ ಯಂತ್ರ ಕರಿಕಲ್ಲನ್ನು ಸುಡುತ್ತದೆ. ಸುಟ್ಟಲ್ಲಿ ಬಿಳುಪು, ಬಿಟ್ಟಲ್ಲಿ ಕಪ್ಪು. ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

"ಒಂದು ಜಾಗದಿಂದ ಹೊರಗೆ ಹೋಗ್ತಾ ದಾಟಿದ ಗೆರೆ ಎಣಿಸ್ತೈತೆ. ಗಡಿಯಾರದ ಮುಳ್ಳಿನಂಗೆ ಬಲಕ್ಕೆ ಸುತ್ತಿದ ಗೆರೆ ಆದ್ರೆ ಒಂದು ಕೂಡ್ತೈತೆ, ಎಡಕ್ಕಾದ್ರೆ ಒಂದು ಕಳೀತೈತೆ. ಸೊನ್ನೆ ಬಂದ್ರೆ ಬಿಡ್ತೈತೆ. ಬೇರೆ ಏನೇ ಬಂದ್ರೂ ತುಂಬ್ತೈತೆ," ಎನ್ನುತ್ತಾರೆ ತಬಸ್ಸುಮ್.

ಕಣ್ಣಿಗೆ ಮೂರು ಗೆರೆ: ರೆಪ್ಪೆಯ ಅಂಚು, ಪಾಪೆ, ಪಾಪೆಯೊಳಗಿನ ಬೆಳಕಿನ ಚುಕ್ಕೆ. ರೆಪ್ಪೆ ಬಲಕ್ಕೆ, ಪಾಪೆ ಎಡಕ್ಕೆ ಸುತ್ತಿದರೆ ಲೆಕ್ಕ ಸೊನ್ನೆಯಾಗಿ ಪಾಪೆ ಕಪ್ಪಾಗಿ ಉಳಿಯುತ್ತದೆ. ಎಲ್ಲವೂ ಬಲಕ್ಕೇ ಸುತ್ತಿದರೆ ಇಡೀ ಕಣ್ಣು ಬಿಳಿ. ನಾಲ್ಕು ವರ್ಷದ ಹಿಂದೆ ಒಮ್ಮೆ ಹಾಗಾಯಿತು. "ತೀರ್ಕಂಡೋರ ಮಕ್ಕಳು 'ನಮ್ಮಪ್ಪ ಕುರುಡ ಅಲ್ಲಮ್ಮ' ಅಂದ್ರು, ಕಲ್ಲು ಬಿಟ್ಟು ಹೋದ್ರು. ಸುಟ್ಟ ಕಲ್ಲು ತಿರುಗಿ ಕರ್ರಗಾಗಲ್ಲ." ಆ ಕಲ್ಲು ಅಂಗಡಿಯ ಹಿಂದೆ ಗೋಡೆಗೆ ಮುಖಮಾಡಿ ನಿಂತಿದೆ. ಅಂದಿನಿಂದ ಪ್ರತಿ ಕಣ್ಣನ್ನೂ ತಾವೇ ಬೆರಳಿಟ್ಟು ಎಣಿಸಿದ ಮೇಲೆಯೇ ಯಂತ್ರಕ್ಕೆ ಕೊಡುತ್ತಾರೆ.

ತಂದೆ ವಲಿಸಾಬ ಉಳಿಯಲ್ಲಿ ಹೆಸರು ಕೆತ್ತುತ್ತಿದ್ದವರು. ಅವರ ಕೈ ನಡುಗತೊಡಗಿದಾಗ ಮಗಳು ಕಾಲೇಜು ಬಿಟ್ಟರು. ಈಗ ದಿನಕ್ಕೆ ಎರಡು ಮುಖ, ಮುಖಕ್ಕೆ ಸಾವಿರದಷ್ಟು ಗೆರೆ.

ಇಂದಿನ ಮುಖ ಕುರಿ ಕಾಯುತ್ತಿದ್ದ ಕ್ಯಾತಪ್ಪನದು. ಹೆಂಡತಿ ಕೆಂಚಕ್ಕ ಮೊಳಕಾಲ್ಮುರಿನಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ನಾಳೆ ಕಲ್ಲು ನೆಡಬೇಕು. ಪರದೆ ನೋಡಿ ಅವರು ತಲೆಯಾಡಿಸುತ್ತಾರೆ.

"ಇವ್ರು ನಮ್ಮೋರಲ್ಲ."

"ನೀವು ಕೊಟ್ಟ ಫೋಟೋನೇ ಅಜ್ಜಿ."

"ಸ್ಟುಡಿಯೋದೋನು ಚೆಂದ ಮಾಡಿ ಕೊಟ್ಟವ್ನೆ. ನಮ್ಮೋರ ಎಡಗಣ್ಣಿಗೆ ಜಾಲಿಮುಳ್ಳು ಹೊಕ್ಕು ಬೆಳ್ಳಗಾಗಿತ್ತು. ಒಕ್ಕಣ್ಣ ಅಂತ ನಲವತ್ತು ವರ್ಷ ಬೈದಿದ್ದೀನಿ ಕಣೇ. ಈಗ ಎರಡು ಕಣ್ಣಿರೋ ಯಾರನ್ನೋ ತಗಂಡೋಗಿ ನೆಡ್ಲಾ?"

ತಬಸ್ಸುಮ್ ನಗುವುದಿಲ್ಲ. ಯಾವ ಕಣ್ಣು ಎಂದು ಎರಡು ಸಲ ಕೇಳುತ್ತಾರೆ. ಕೆಂಚಕ್ಕ ಪರದೆಯನ್ನೇ ಮುಟ್ಟಿ ತೋರಿಸುತ್ತಾರೆ. ಆ ಪಾಪೆಯ ಗೆರೆಯನ್ನು ತಬಸ್ಸುಮ್ ಬಲಕ್ಕೆ ತಿರುಗಿಸುತ್ತಾರೆ. ನಾಲ್ಕು ವರ್ಷ ಬೆರಳಿಟ್ಟು ತಡೆದ ತಪ್ಪನ್ನು ಇಂದು ಕೈಯಾರೆ ಮಾಡಿ, ಮತ್ತೆ ಎಣಿಸುತ್ತಾರೆ. ಒಂದು, ಎರಡು, ಮೂರು. ಎಲ್ಲೂ ಸೊನ್ನೆಯಿಲ್ಲ.

ಯಂತ್ರ ನಿಂತ ಮೇಲೆ ಕೆಂಚಕ್ಕ ಸೆರಗಿನಲ್ಲಿ ಕಲ್ಲಿನ ಪುಡಿ ಒರೆಸುತ್ತಾರೆ. ಬಹಳ ಹೊತ್ತು ಕೈ ತೆಗೆಯುವುದಿಲ್ಲ.

"ಬಂದ ನೋಡು, ಒಕ್ಕಣ್ಣ."

ಈ ಕಲ್ಲುಗಳ ಮೇಲೆ ತಬಸ್ಸುಮ್ ಹೆಸರು ಎಲ್ಲೂ ಇಲ್ಲ. ಹಾಕಿಕೊಳ್ಳಬೇಕು ಅನ್ನಿಸುವುದಿಲ್ಲವೇ ಎಂದರೆ ಮುಂದಿನ ಫೋಟೋ ತೆರೆಯುತ್ತಾರೆ.

"ನನ್ನ ಗುರುತು ಯಾಕ್ರಿ? ಮನೆಯವ್ರು ತಮ್ಮೋರ ಗುರುತು ಹಿಡಿದ್ರೆ ಸಾಕು."