ಹತ್ತೊಂಬತ್ತನೇ ನಂಬರಿನ ಸೊಂಟ

ಟೈಲರಮ್ಮ ಕೇಸು ಗೆದ್ದಳು. ಗೆದ್ದ ಖುಷಿಯಲ್ಲಿ ಕೋರ್ಟಿನ ಗುಮಾಸ್ತರ ಮುಂದೆ ನಿಂತು, "ದುಡ್ಡು ಯಾವ ಕೌಂಟರಲ್ಲಿ ಕೊಡ್ತಾರೆ ಸಾರ್?" ಅಂತ ಕೇಳಿಯೂ ಬಿಟ್ಟಳು. ಪಾಪ, ತೀರ್ಪು ಅಂದರೆ ದುಡ್ಡು ಅಂದುಕೊಂಡಿದ್ದಳು.

ಗುಮಾಸ್ತರು ಕನ್ನಡಕ ಮೇಲೇರಿಸಿದರು. "ನೋಡಮ್ಮಾ, ತೀರ್ಪು ನಮ್ಮದು, ವಸೂಲಿ ನಿಮ್ಮದು. ಅವನು ಎಲ್ಲಿ ಕೆಲಸ ಮಾಡ್ತಾನೆ ಹೇಳಿ, ಸಂಬಳದಲ್ಲಿ ಹಿಡಿಸೋಣ."

"ಅದು ಗೊತ್ತಿದ್ದಿದ್ರೆ ನಾನೇ ಹೋಗಿ ಕತ್ತಿನ ಪಟ್ಟಿ ಹಿಡೀತಿರಲಿಲ್ವಾ?"

"ಹಾಗೆಲ್ಲ ಮಾಡೋ ಹಾಗಿಲ್ಲ," ಅಂದರು ಕಾನೂನು ತಿಳಿದವರು.

ಅವನು ಅಂದರೆ ಟೈಲರಮ್ಮನ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಎರಡು ವರ್ಷ ಇದ್ದ ಬಾಡಿಗೆದಾರ. ಬಾಡಿಗೆ ಕೇಳಿದಾಗಲೆಲ್ಲ "ನಾಳೆ ಅಕ್ಕಾ" ಅನ್ನುತ್ತಿದ್ದುದರಿಂದ ಬೀದಿಗೆಲ್ಲ ನಾಳೆರಾಯ. ಒಂಬತ್ತು ತಿಂಗಳ ಬಾಡಿಗೆ ಬಾಕಿ ಇಟ್ಟು, ಒಂದು ಬೆಳಿಗ್ಗೆ ರೂಮಿನ ಬಲ್ಬನ್ನೂ ಬಿಡದೆ ಬಿಚ್ಚಿಕೊಂಡು ಪರಾರಿಯಾಗಿದ್ದ. ಆ ಮಹಾನುಭಾವನ ಮೇಲೆ ಕೇಸು ಹಾಕಲು ಟೈಲರಮ್ಮ ತನ್ನ ಮೋಟಾರ್ ಮಿಷನ್ ಅಡ ಇಟ್ಟಿದ್ದಳು. ಈಗ ಕಾಲಲ್ಲಿ ತುಳಿಯೋ ಹಳೇ ಮಿಷನ್ನೇ ಗತಿ. ಸಂಜೆ ಹೊತ್ತಿಗೆ ಮಂಡಿ ಊದಿ, ಮೆಟ್ಟಿಲು ಹತ್ತುವಾಗ ಅಳುವೇ ಬರುತ್ತಿತ್ತು.

ಮೂರು ತಿಂಗಳು ಹುಡುಕಿದಳು. ನಾಳೆರಾಯ ಸಿಗಲಿಲ್ಲ. ಅವನ ಅಳತೆ ಸಿಕ್ಕಿತು.

ಒಂದು ಗೋಡೌನಿನ ಕಾವಲುಗಾರರಿಗೆ ಯೂನಿಫಾರಂ ಹೊಲಿಯೋ ಆರ್ಡರ್ ಬಂದಿತ್ತು. ಚೀಟಿಗಳಲ್ಲಿ ಹೆಸರಿಲ್ಲ, ಬರೀ ನಂಬರು ಮತ್ತು ಅಳತೆ. ಹತ್ತೊಂಬತ್ತನೇ ಚೀಟಿಗೆ ಬಂದಾಗ ಕತ್ತರಿ ನಿಂತಿತು. ಸೊಂಟ ನಲವತ್ತೊಂದು, ಎಡಭುಜ ಮುಕ್ಕಾಲು ಇಂಚು ಇಳಿ, ಬಲತೋಳು ಎಡಕ್ಕಿಂತ ಗಿಡ್ಡ. ಬಾಡಿಗೆ ಉಳಿಸಿ ಉಳಿಸಿ ಬೆಳೆಸಿದ ಆ ಹೊಟ್ಟೆಗೆ ಮೂರು ತಿಂಗಳಿಗೊಮ್ಮೆ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವಳು ಇವಳೇ, ಅದೂ ಪುಕ್ಕಟೆ! ಹಳೇ ಅಳತೆ ಪುಸ್ತಕ ತೆಗೆದು ನೋಡಿದಳು. ಸೊಂಟ ಒಂದಿಂಚು ಮುಂದುವರಿದಿತ್ತು, ಉಳಿದದ್ದೆಲ್ಲ ತದ್ರೂಪ. ಕಾಲರಿಗೆ ಹೆಸರಿನ ಪಟ್ಟಿ ಹಾಕಬೇಕು ಅಂತ ಗೋಡೌನಿಗೆ ಫೋನಿನಲ್ಲಿ ಸುಳ್ಳು ಹೇಳಿ, ಹತ್ತೊಂಬತ್ತು ಯಾರು ಅಂತ ಕೇಳಿದಳು. ಅವನೇ. "ಸಿಕ್ಕಿಬಿದ್ಯಲ್ಲೋ ಮಗನೇ!" ಅಂತ ಒಬ್ಬಳೇ ಕೂಗಿಕೊಂಡಳು.

ಕೋರ್ಟಿನಿಂದ ಗೋಡೌನಿಗೆ ಕಾಗದ ಹೋಯಿತು. ಸಂಬಳದಲ್ಲಿ ತಿಂಗಳಿಗಿಷ್ಟು, ಹದಿನಾಲ್ಕು ತಿಂಗಳು. "ಆದ್ರೆ ಅವನ ಕೆಲಸ ಹೋದ್ರೆ ಮತ್ತೆ ಮೊದಲಿಂದ ಹುಡುಕಬೇಕಮ್ಮಾ," ಅಂದರು ಗುಮಾಸ್ತರು ತಣ್ಣಗೆ. ಆ ದುಡ್ಡಲ್ಲೇ ಮೋಟಾರ್ ಮಿಷನ್ ಬಿಡಿಸಿಕೊಳ್ಳಲು ಅಡದಂಗಡಿಯವನೂ ಕಂತಿಗೆ ಒಪ್ಪಿದ, ಒಂದು ಕಂತು ತಪ್ಪಿದರೂ ಮಿಷನ್ ಮಾರುತ್ತೇನೆ ಅಂತ ಹೇಳಿಯೇ ಒಪ್ಪಿದ.

ಅಲ್ಲಿಗೆ ನೋಡಿ, ಎರಡು ವರ್ಷದಿಂದ ಹಿಡಿಶಾಪ ಹಾಕುತ್ತಿದ್ದ ಬಾಯಿ ನಾಳೆರಾಯನ ಆಯುರಾರೋಗ್ಯ ಹಾರೈಸತೊಡಗಿತು. ಅವನಿಗೆ ಕೆಮ್ಮಂತೆ ಅಂತ ಯಾರಾದರೂ ಅಂದರೆ ಇವಳ ಎದೆ ಧಸಕ್ಕೆನ್ನುತ್ತಿತ್ತು.

ಐದನೇ ಕಂತು ಬಂದ ವಾರ ನಾಳೆರಾಯನೇ ಬಾಗಿಲಲ್ಲಿ ನಿಂತಿದ್ದ. ನಾಚಿಕೆ ಗೀಚಿಕೆ ಏನೂ ಇಲ್ಲ. ಪ್ಯಾಂಟಿನ ಹಿಂದೆ ಹೊಲಿಗೆ ಪೂರ್ತಿ ಬಿಟ್ಟಿತ್ತು.

"ಅಕ್ಕಾ, ಹೀಗೇ ಹೋದ್ರೆ ಕೆಲಸದಿಂದ ತೆಗೀತಾರಂತೆ. ಆಮೇಲೆ ನಿಮ್ಮ ದುಡ್ಡಿಗೇ ತೊಂದರೆ ನೋಡಿ."

ಟೈಲರಮ್ಮನ ಮೈಯೆಲ್ಲ ಉರಿಯಿತು. "ಯಾವಾಗ ಬೇಕು?"

"ಈಗಲೇ ಅಕ್ಕಾ." ಹುಟ್ಟಿದಾಗಿನಿಂದ ಮೊದಲ ಸಲ ನಾಳೆ ಅನ್ನಲಿಲ್ಲ.

ಊದಿದ ಮಂಡಿಯಲ್ಲೇ ಮಿಷನ್ ತುಳಿದಳು. ಇನ್ನೂ ಒಂಬತ್ತು ತಿಂಗಳು ತಡೆಯಬೇಕಲ್ಲ ಅಂತ ಸೊಂಟ ಎರಡಿಂಚು ಜಾಸ್ತಿಯೇ ಬಿಟ್ಟಳು. ಅವಳದೇ ಟವೆಲ್ಲು ಸುತ್ತಿಕೊಂಡು ಕೂತಿದ್ದ ನಾಳೆರಾಯ ಒಮ್ಮೆ ಸೀನಿದ.

ಟೈಲರಮ್ಮ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದಳು.